ಬೆಕ್ಕಿಗೆ ಮತ್ತೆ ಮತ್ತೆ ಬರುವ ಕಿವಿನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ ಕಡೆಯ ತೋಟದ ಮನೆಗಳಿಂದ, ಕುಮಟಾ, ಅಂಕೋಲಾ, ಕಾರವಾರದ ಕರಾವಳಿಯಿಂದ ಬೆಕ್ಕಿನ ಕಿವಿಯ ಬಗ್ಗೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಬೆಕ್ಕನ್ನು ತೋರಿಸಲು ಬಂದವರು ಕೇಳಿದ್ದು, ಕೆಲವು ಫೋನಿನಲ್ಲಿ, ಕೆಲವು ಪತ್ರದಲ್ಲಿ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಿವಿನೋವು ತಿರುಗಿ ಬಂತು ಅಂದರೆ ಅದರ ಕಾರಣ ಇನ್ನೂ ಹೋಗಿಲ್ಲ ಅಂತ ಅರ್ಥ. ಪ್ರತಿ ಸಲ ಅದೇ ಡ್ರಾಪ್ಸ್ ಹಾಕುತ್ತಾ ಹೋದರೆ ಬೆಕ್ಕು ವರ್ಷಗಟ್ಟಲೆ ನೋವು ತಿನ್ನುತ್ತದೆ. ಕಾರಣ ಹುಡುಕಲೇಬೇಕು.

## ಮೊದಲು ಗೊತ್ತಿರಬೇಕಾದದ್ದು

ಬೆಕ್ಕು ಬಾಯಿಬಿಟ್ಟು ಹೇಳೋದಿಲ್ಲ. ಕಿವಿ ನೋಯ್ತಾ ಇದೆ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?

ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಆದರೂ ಕೆಲವು ಗುರುತು ಸಿಗುತ್ತವೆ. ಪದೇ ಪದೇ ತಲೆ ಕೊಡವುತ್ತದೆ. ಹಿಂಗಾಲಿನಿಂದ ಕಿವಿಯ ಹಿಂದೆ ಕೆರೆದುಕೊಳ್ಳುತ್ತದೆ, ಅಲ್ಲಿ ಕೂದಲು ಉದುರಿ ಸಣ್ಣ ಗಾಯ ಆಗಿರುತ್ತದೆ. ಒಂದು ಕಿವಿ ಪಕ್ಕಕ್ಕೆ ಬಾಗಿರುತ್ತದೆ. ತಾನಾಗಿ ಬಂದು ತಲೆ ಉಜ್ಜುತ್ತಿದ್ದ ಬೆಕ್ಕು ಈಗ ಕೈ ಹತ್ತಿರ ತಂದರೆ ಹಿಂದೆ ಸರಿಯುತ್ತದೆ, ಬುಸ್ ಅನ್ನುತ್ತದೆ. ಕೆಲವು ಬೆಕ್ಕು ಗಟ್ಟಿಯಾದದ್ದನ್ನು ಬಿಟ್ಟು ಮೆತ್ತಗಿನದನ್ನಷ್ಟೇ ತಿನ್ನುತ್ತವೆ. ದವಡೆಯ ಕೀಲು ಕಿವಿಗೆ ತೀರಾ ಹತ್ತಿರ ಇರುವುದರಿಂದ ಅಗಿಯುವಾಗ ನೋಯುತ್ತದೆ. "ಹಲ್ಲು ನೋವಿರಬೇಕು" ಅಂದುಕೊಂಡು ಬಂದವರ ಬೆಕ್ಕಿನಲ್ಲಿ ಕಿವಿಯ ತೊಂದರೆ ಸಿಗುವುದು ಹೊಸದೇನಲ್ಲ.

ಏನೂ ತಿನ್ನದೆ ಒಂದು ದಿನ ದಾಟಿದರೆ ಕಾಯಬೇಡಿ, ಅದರಲ್ಲೂ ದಪ್ಪ ಬೆಕ್ಕಾದರೆ. ಊಟ ಬಿಟ್ಟ ಬೆಕ್ಕಿಗೆ ಲಿವರ್‌ನಲ್ಲಿ ಕೊಬ್ಬು ತುಂಬಿ ಬೇರೆಯೇ ಕಾಯಿಲೆ ಶುರುವಾಗುತ್ತದೆ.

ಕಿವಿಯಲ್ಲಿ ಕಂದು ಕೊಳೆ ಯಾವಾಗ್ಲೂ ಇರ್ತದೆ. ಅದೂ ರೋಗವಾ?

ತೆಳುವಾಗಿ, ವಾಸನೆ ಇಲ್ಲದೆ, ಎರಡೂ ಕಿವಿಯಲ್ಲಿ ಒಂದೇ ರೀತಿ ಇದ್ದರೆ ಅದು ಮೇಣ, ಬಿಟ್ಟುಬಿಡಿ. ಕಾಫಿಪುಡಿಯ ಗಸಿಯಂತೆ ಕಪ್ಪಗೆ, ಉದುರುದುರಾಗಿ ಇದ್ದರೆ ಕಿವಿನುಸಿಯ, ಅಂದರೆ ಕೆಲವರು ಕಿವಿಹುಳ ಅನ್ನುವ ಸಣ್ಣ ಜೀವಿಯ, ಅನುಮಾನ ಬರಬೇಕು. ಕಂದು ಜಿಡ್ಡು, ಜೊತೆಗೆ ಹುಳಿ ವಾಸನೆ ಇದ್ದರೆ ಹೆಚ್ಚಾಗಿ ಯೀಸ್ಟ್. ಹಳದಿ ಅಥವಾ ಹಸಿರು ಕೀವು, ಕೆಟ್ಟ ನಾತ ಇದ್ದರೆ ಬ್ಯಾಕ್ಟೀರಿಯಾ. ಇದು ಬರೀ ಅಂದಾಜು. ಎರಡು ಮೂರು ಒಟ್ಟಿಗೇ ಇರುವ ಕಿವಿಗಳೂ ಬಹಳ.

ಟಾರ್ಚ್ ಹಾಕಿ ನೋಡಿದೆ, ಒಳಗೆ ಎಂತದೂ ಕಾಣೋದಿಲ್ಲ. ಹಾಗಾದ್ರೆ ಕಿವಿ ಚೆನ್ನಾಗಿದೆ ಅಲ್ವಾ?

ಹಾಗೆ ಹೇಳಲು ಬರುವುದಿಲ್ಲ. ಬೆಕ್ಕಿನ ಕಿವಿಯ ನಾಳ ಮೊದಲು ಕೆಳಕ್ಕೆ ಇಳಿದು, ಆಮೇಲೆ ತಲೆಯ ಒಳಕ್ಕೆ ತಿರುಗುತ್ತದೆ. ಟಾರ್ಚಿನ ಬೆಳಕು ತಿರುವಿನವರೆಗೆ ಮಾತ್ರ ಹೋಗುತ್ತದೆ. ಕಿವಿ ತಮಟೆ ಇರುವುದು ತಿರುವಿನ ಆಚೆ. ಅಲ್ಲಿಯವರೆಗೆ ನೋಡಬೇಕು ಅಂದರೆ ಆಟೊಸ್ಕೋಪ್ ಬೇಕು, ಜೋರು ನೋವಿದ್ದರೆ ಬೆಕ್ಕಿಗೆ ಮಂಪರಿನ ಇಂಜೆಕ್ಷನ್ನೂ ಬೇಕು.

ಮಳೆಗಾಲ ಬಂತು ಅಂದ್ರೆ ಸಾಕು, ಕಿವಿ ಶುರು. ಮಳೆನೀರು ಹೋಗಿ ಹೀಗಾಗೋದಾ?

ಮಳೆನೀರು ಒಂದೇ ಕಾರಣ ಆಗುವುದು ಅಪರೂಪ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಗಾಳಿಯಲ್ಲೇ ನೀರಿರುತ್ತದೆ. ಮೊದಲೇ ಅಲರ್ಜಿಯಿಂದ ಕೆಂಪಾದ ಅಥವಾ ಒಳಗೆ ಏನೋ ಅಡ್ಡ ಇರುವ ಕಿವಿಯಲ್ಲಿ ಯೀಸ್ಟ್ ಆಗ ಬೇಗ ಬೆಳೆಯುತ್ತದೆ. ಇನ್ನೊಂದು, ಮಳೆಗೆ ಹೊರಗೆ ಹೋಗದ ಬೆಕ್ಕುಗಳೆಲ್ಲ ಅಟ್ಟದ ಮೇಲೆ, ಬಚ್ಚಲ ಒಲೆಯ ಪಕ್ಕ ಒತ್ತಾಗಿ ಮಲಗುತ್ತವೆ. ಒಂದಕ್ಕಿದ್ದ ನುಸಿ ಎಲ್ಲದಕ್ಕೂ ದಾಟಲು ಅಷ್ಟು ಸಾಕು.

ಮಳೆಗಾಲದಲ್ಲಿ ನಿಜವಾಗಿ ಹೆದರಬೇಕಾದದ್ದು ನೊಣಕ್ಕೆ. ಕೆರೆದು ಆದ ಗಾಯ, ಜಗಳದಲ್ಲಿ ಆದ ಹಲ್ಲಿನ ಗಾಯ ಕಿವಿಯ ಬುಡದಲ್ಲಿ ಇದ್ದರೆ ನೊಣ ಅಲ್ಲಿ ಮೊಟ್ಟೆ ಇಡುತ್ತದೆ. ಒಂದೆರಡು ದಿನದಲ್ಲಿ ಹುಳ ಆಗುತ್ತದೆ. ಗಾಯದಿಂದ ಕೊಳೆತ ವಾಸನೆ ಬಂದರೆ ಅದೇ ದಿನ ತೋರಿಸಿ. ಫಿನಾಯಿಲ್, ಟರ್ಪೆಂಟೈನ್ ಸುರಿಯುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ದಯವಿಟ್ಟು ಬಿಟ್ಟುಬಿಡಿ. ಬೆಕ್ಕು ಅದನ್ನು ನೆಕ್ಕಿಕೊಳ್ಳುತ್ತದೆ, ಚರ್ಮವೂ ಸುಟ್ಟುಹೋಗುತ್ತದೆ.

## ಮನೆಮದ್ದು, ಔಷಧಿ

ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಎರಡು ಹನಿ ಬಿಡ್ಲಾ? ನಮಗೆಲ್ಲ ಸಣ್ಣಕಿದ್ದಾಗ ಹಾಗೇ ಮಾಡ್ತಿದ್ರು.

ಬೇಡ. ಬೆಳ್ಳುಳ್ಳಿ, ಈರುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕಿವಿಗೆ ಹಾಕಿದ್ದನ್ನು ಬೆಕ್ಕು ಕಾಲಲ್ಲಿ ಒರೆಸಿ ನೆಕ್ಕಿಯೇ ನೆಕ್ಕುತ್ತದೆ. ಬರೀ ಕೊಬ್ಬರಿ ಎಣ್ಣೆ ವಿಷ ಅಲ್ಲ, ಆದರೆ ಒಳಗೆ ಕೀವಿದ್ದರೆ ಎಣ್ಣೆ ಅದನ್ನು ಹಿಡಿದಿಡುತ್ತದೆ. ಮರುದಿನ ನೋಡುವವರಿಗೂ ಏನೂ ಕಾಣುವುದಿಲ್ಲ. ಹೊಗೆಸೊಪ್ಪಿನ ನೀರು, ಕರ್ಪೂರದ ಎಣ್ಣೆ, ಟೀ ಟ್ರೀ ಎಣ್ಣೆ ಬೆಕ್ಕಿಗೆ ವಿಷ. ಹೈಡ್ರೋಜನ್ ಪೆರಾಕ್ಸೈಡ್ ಒಳಗಿನ ಚರ್ಮವನ್ನು ಕೆರಳಿಸುತ್ತದೆ.

ಮನೇಲಿ ಡೋಲೊ ಇದೆ. ರಾತ್ರಿ ಮಟ್ಟಿಗೆ ಕಾಲು ಮಾತ್ರೆ ಕೊಡ್ಲಾ? ಪಾಪ, ಒದ್ದಾಡ್ತಾ ಇದೆ.

ಕೊಡಬೇಡಿ. ಡೋಲೊ, ಕ್ರೋಸಿನ್ ಎರಡರಲ್ಲೂ ಇರುವುದು ಪ್ಯಾರಾಸಿಟಮಾಲ್. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ. 650ರ ಮಾತ್ರೆಯ ಕಾಲು ಭಾಗದಲ್ಲೂ 160 ಮಿಲಿಗ್ರಾಂ ದಾಟುತ್ತದೆ. ನಾಲ್ಕು ಕಿಲೋ ತೂಗುವ ಬೆಕ್ಕಿನ ಜೀವಕ್ಕೆ ಅಪಾಯ ಆಗಲು ಅಷ್ಟು ಸಾಕು. ಕೆಲವೇ ಗಂಟೆಗಳಲ್ಲಿ ವಸಡು ಕಂದು ಅಥವಾ ನೀಲಿಗೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ, ಉಸಿರಾಟ ಕಷ್ಟವಾಗುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಬೇಡ.

ಗೊತ್ತಿಲ್ಲದೆ ಕೊಟ್ಟಾಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮಾತ್ರೆಯ ಪಟ್ಟಿ ಹಿಡಿದುಕೊಂಡು ಹೊರಡಿ, ಎಷ್ಟು ಹೊತ್ತಿಗೆ ಎಷ್ಟು ಕೊಟ್ಟಿರಿ ಅಂತ ಮುಚ್ಚಿಡದೆ ಹೇಳಿ. ಅಸಿಟೈಲ್‌ಸಿಸ್ಟೀನ್ ಅನ್ನುವ ಪ್ರತಿಮದ್ದು ಇದೆ, ಬೇಗ ಕೊಟ್ಟಷ್ಟೂ ಉಳಿಯುವ ಸಾಧ್ಯತೆ ಜಾಸ್ತಿ. ಬೆಕ್ಕಿಗೆ ಕೊಡಬಹುದಾದ ನೋವಿನ ಔಷಧಿಗಳು ಇವೆ. ಅವನ್ನು ತೂಕ ನೋಡಿ, ಕಿಡ್ನಿ ಹೇಗಿದೆ ಅಂತ ನೋಡಿ ವೈದ್ಯರೇ ಕೊಡಬೇಕು. ನೋವು ಕಾಣುತ್ತಿದ್ದರೆ ಬಾಯಿಬಿಟ್ಟು ಕೇಳಿ, ಕೇಳುವುದು ನಿಮ್ಮ ಹಕ್ಕು.

ಕಳೆದ ಸಲದ ಡ್ರಾಪ್ಸ್ ಅರ್ಧ ಬಾಟ್ಲಿ ಉಳಿದಿದೆ. ಅದನ್ನೇ ಹಾಕ್ಲಾ?

ಕಳೆದ ಸಲ ಇದ್ದದ್ದು ಯೀಸ್ಟ್, ಈ ಸಲ ಇರುವುದು ಬ್ಯಾಕ್ಟೀರಿಯಾ ಆಗಿರಬಹುದು. ತಮಟೆ ತೂತಾಗಿದ್ದರೆ ಇನ್ನೂ ಕಷ್ಟ. ಜೆಂಟಾಮೈಸಿನ್‌ನಂತಹ ಔಷಧಿ ಒಳಗಿವಿಗೆ ಇಳಿದರೆ ಕಿವುಡು ಬರಬಹುದು, ತೂಕ ತಪ್ಪಿ ನಡೆಯಬಹುದು. ತೆರೆದ ಬಾಟ್ಲಿ ತಿಂಗಳಾನುಗಟ್ಟಲೆ ಕಿಟಕಿಯಲ್ಲಿ ಇದ್ದದ್ದಾದರೆ ಅದರ ಶಕ್ತಿಯನ್ನೂ ನಂಬುವಂತಿಲ್ಲ. ಎಸೆದುಬಿಡಿ, ಆದರೆ ಲೇಬಲ್ಲಿನ ಫೋಟೋ ಇಟ್ಟುಕೊಳ್ಳಿ. ಹಿಂದೆ ಏನು ಹಾಕಿದ್ದಿರಿ ಅಂತ ತಿಳಿದರೆ ನೋಡುವವರಿಗೆ ಅರ್ಧ ಕೆಲಸ ಉಳಿಯುತ್ತದೆ.

ಕಿವಿ ತೊಳೀರಿ ಅಂತ ಹೇಳಿ ಕಳಿಸಿದ್ರು. ಹಿಡಿದ್ರೆ ಪರಚ್ತದೆ. ಹೇಗೆ ತೊಳೀಬೇಕು?

ತಮಟೆ ಸರಿ ಇದೆ ಅಂತ ವೈದ್ಯರು ನೋಡಿ ಹೇಳಿದ ಮೇಲೆ ಮಾತ್ರ ತೊಳೆಯಿರಿ. ಬೆಕ್ಕಿಗೆ ಆಗುವ ಕಿವಿ ತೊಳೆಯುವ ದ್ರವವೇ ಬೇಕು. ಸೋಪಿನ ನೀರು, ಸ್ಪಿರಿಟ್ ಬೇಡ.

ಬಾಟ್ಲಿಯನ್ನು ಸ್ವಲ್ಪ ಹೊತ್ತು ಮುಷ್ಟಿಯಲ್ಲಿ ಹಿಡಿದು ಮೈಬಿಸಿಗೆ ತನ್ನಿ, ತಣ್ಣಗಿನದು ಬಿದ್ದರೆ ಬೆಕ್ಕು ಬೆಚ್ಚುತ್ತದೆ. ದಪ್ಪ ಟವೆಲ್ಲಿನಲ್ಲಿ ನಾಲ್ಕೂ ಕಾಲು ಒಳಗೆ ಸೇರಿಸಿ ಸುತ್ತಿ, ತಲೆ ಮಾತ್ರ ಹೊರಗಿರಲಿ. ನೆಲದ ಮೇಲೆ ಕುಳಿತು ಬೆಕ್ಕನ್ನು ತೊಡೆಯ ನಡುವೆ ಇಟ್ಟುಕೊಳ್ಳಿ, ಅದರ ಬೆನ್ನು ನಿಮ್ಮ ಹೊಟ್ಟೆಯ ಕಡೆಗಿರಲಿ. ಕಿವಿಯ ಹಾಲೆಯನ್ನು ಮೆಲ್ಲಗೆ ಮೇಲಕ್ಕೆ ಎತ್ತಿ, ದ್ರವವನ್ನು ನಾಳ ತುಂಬುವಷ್ಟು ಬಿಡಿ. ಬಾಟ್ಲಿಯ ಮೂತಿ ಕಿವಿಗೆ ತಾಗಬಾರದು. ಆಮೇಲೆ ಕಿವಿಯ ಬುಡವನ್ನು ಹೆಬ್ಬೆರಳು, ತೋರುಬೆರಳಿನಿಂದ 20–30 ಸೆಕೆಂಡ್ ನೀವಿ. ಒಳಗೆ ಪಚಪಚ ಸದ್ದು ಕೇಳಬೇಕು, ಕೇಳಿದರೆ ದ್ರವ ಒಳಗೆ ಮುಟ್ಟಿದೆ. ಈಗ ಕೈಬಿಡಿ. ಬೆಕ್ಕು ತಲೆ ಕೊಡವುತ್ತದೆ, ಆಳದ ಕೊಳೆ ಹೊರಗೆ ಬರುವುದೇ ಆ ಕೊಡವುವಿಕೆಯಿಂದ. ಹೊರಗೆ ಬಂದದ್ದನ್ನು ಹತ್ತಿಯಿಂದ ಒರೆಸಿ. ಕಿವಿಕಡ್ಡಿ ಹಾಕಬೇಡಿ, ಅದು ಕೊಳೆಯನ್ನು ತಿರುವಿನ ಆಚೆ ತಳ್ಳಿ ಗಟ್ಟಿ ಮಾಡುತ್ತದೆ.

ಔಷಧಿಯ ಹನಿ ಹಾಕುವುದಿದ್ದರೆ ಹತ್ತು ಹದಿನೈದು ನಿಮಿಷ ಬಿಟ್ಟು ಹಾಕಿ. ಮುಗಿದ ಕೂಡಲೇ ಬೇಯಿಸಿದ ಮೀನಿನ ಒಂದು ಚೂರು ಕೊಡಿ. ಮುಟ್ಟಿದಾಗಲೇ ಕಿರುಚುವಷ್ಟು ನೋವಿದ್ದರೆ ಮನೆಯಲ್ಲಿ ತೊಳೆಯಲು ಹೋಗಬೇಡಿ.

ಎರಡೇ ದಿನಕ್ಕೆ ಚೆನ್ನಾಗಾಯ್ತು. ಡ್ರಾಪ್ಸ್ ನಿಲ್ಲಿಸ್ಬಹುದಾ?

ನಿಲ್ಲಿಸಬೇಡಿ. ಡ್ರಾಪ್ಸಿನಲ್ಲಿ ಹೆಚ್ಚಾಗಿ ಸ್ಟೀರಾಯ್ಡ್ ಇರುತ್ತದೆ, ಅದು ತುರಿಕೆ ಮತ್ತು ಊತವನ್ನು ಬೇಗ ಇಳಿಸುತ್ತದೆ. ಸೋಂಕು ಅಷ್ಟು ಬೇಗ ಹೋಗುವುದಿಲ್ಲ. ಹೇಳಿದಷ್ಟು ದಿನ ಹಾಕಿ, ಮುಗಿದ ಮೇಲೆ ಇನ್ನೊಮ್ಮೆ ಕಿವಿ ತೋರಿಸಿ. "ಚೆನ್ನಾಗಿದೆಯಲ್ಲ, ಯಾಕೆ ಸುಮ್ನೆ ಹೋಗೋದು" ಅಂತ ಈ ಎರಡನೇ ಭೇಟಿಯನ್ನು ಬಿಡುವವರೇ ಜಾಸ್ತಿ. ತಿರುಗಿ ಬರುವ ಕಿವಿಗಳಲ್ಲಿ ಬಹಳಷ್ಟು ಶುರುವಾಗುವುದು ಇಲ್ಲಿಂದಲೇ.

## ತಿರುಗಿ ಬರುವ ನೋವಿನ ಕಾರಣ

ಕಿವಿಹುಳ ಅಂದ್ರು, ಔಷಧಿ ಹಾಕಿದ್ವಿ, ಹೋಯ್ತು. ತಿಂಗಳಾದ್ಮೇಲೆ ಮತ್ತೆ ಅದೇ. ಎಲ್ಲಿಂದ ಬರ್ತದೆ ಇದು?

ನಿಮ್ಮ ಮನೆಯಿಂದಲೇ. ಈ ನುಸಿಯ ಮೊಟ್ಟೆ ದೊಡ್ಡದಾಗಿ ಮತ್ತೆ ಮೊಟ್ಟೆ ಇಡಲು ಸುಮಾರು ಮೂರು ವಾರ ಬೇಕು. ಎಷ್ಟೋ ಔಷಧಿಗಳು ಮೊಟ್ಟೆಯನ್ನು ಕೊಲ್ಲುವುದಿಲ್ಲ. ವಾರಕ್ಕೇ ನಿಲ್ಲಿಸಿದರೆ ಉಳಿದ ಮೊಟ್ಟೆಗಳು ಆಮೇಲೆ ಒಡೆಯುತ್ತವೆ. ನುಸಿ ಕಿವಿಯಲ್ಲೇ ಇರುತ್ತದೆ ಅಂತಲೂ ಇಲ್ಲ, ಕುತ್ತಿಗೆ, ಬಾಲದ ಬುಡದ ಕೂದಲಲ್ಲೂ ಓಡಾಡುತ್ತದೆ. ಎಲ್ಲಕ್ಕಿಂತ ಮುಖ್ಯ, ಅದು ಬೆಕ್ಕಿನಿಂದ ಬೆಕ್ಕಿಗೆ, ನಾಯಿಗೂ ದಾಟುತ್ತದೆ. ತುರಿಸಿಕೊಳ್ಳುವ ಒಂದಕ್ಕೆ ಮಾತ್ರ ಔಷಧಿ ಹಾಕಿ, ಜೊತೆಗೆ ಮಲಗುವ ತಾಯಿಬೆಕ್ಕು, ಮರಿಗಳು, ನಾಯಿಯನ್ನು ಬಿಟ್ಟರೆ ಹೋದದ್ದು ವಾಪಸ್ ಬಂದೇ ಬರುತ್ತದೆ. ಎಲ್ಲಕ್ಕೂ ಒಂದೇ ದಿನ ಹಾಕಬೇಕು. ಹಾಸಿಗೆ, ಗೋಣಿಚೀಲ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ.

ನುಸಿಯೇ ಹೌದಾ ಅಂತ ನೋಡುವುದು ಸುಲಭ. ಕಿವಿಯಿಂದ ಬಂದ ಕಪ್ಪು ಪುಡಿಯನ್ನು ಕಪ್ಪು ಕಾಗದದ ಮೇಲೆ ಉದುರಿಸಿ, ಬಿಸಿಲಲ್ಲಿ ಭೂತಗನ್ನಡಿ ಹಿಡಿದು ಒಂದು ನಿಮಿಷ ಅಲ್ಲಾಡಿಸದೆ ನೋಡಿ. ಸೂಜಿಮೊನೆಯಷ್ಟು ಬಿಳಿ ಚುಕ್ಕಿಗಳು ಮೆಲ್ಲಗೆ ಜಾಗ ಬದಲಿಸಿದರೆ ಅವೇ ನುಸಿ. ಏನೂ ಚಲಿಸದಿದ್ದರೆ ನುಸಿ ಇಲ್ಲ ಅಂತ ತೀರ್ಮಾನ ಮಾಡಬೇಡಿ, ಆದರೆ ಕಾಣಿಸಿದರೆ ಅನುಮಾನ ಉಳಿಯುವುದಿಲ್ಲ.

ಇದಕ್ಕೆ ಸೆಲಾಮೆಕ್ಟಿನ್‌ನಂತಹ, ಕುತ್ತಿಗೆಯ ಹಿಂದೆ ಚರ್ಮಕ್ಕೆ ಬಿಡುವ ಔಷಧಿಗಳಿವೆ. ಡಬ್ಬಿಯ ಮೇಲೆ ಬೆಕ್ಕಿನದು ಅಂತ ಇರಲೇಬೇಕು. ನಾಯಿಗೆ ಬರುವ ಪರ್ಮೆಥ್ರಿನ್, ಕೊಟ್ಟಿಗೆಯಲ್ಲಿ ದನದ ಉಣ್ಣಿಗೆ ತಂದಿಟ್ಟ ಡೆಲ್ಟಾಮೆಥ್ರಿನ್ ಬೆಕ್ಕಿಗೆ ನಡುಕ, ಸೆಳೆತ ತಂದು ಕೊಲ್ಲಬಹುದು. ದನಕ್ಕೆ ಕೊಡುವ ಐವರ್ಮೆಕ್ಟಿನ್ನನ್ನೂ ಅಂದಾಜಿನ ಮೇಲೆ ಹಾಕಬೇಡಿ. ಮರಿಗಳಿಗಂತೂ ಬೇಡವೇ ಬೇಡ.

ಪ್ರತಿ ಸಲ ಎಡ ಕಿವಿಗೇ ಬರ್ತದೆ. ಬಲ ಕಿವಿ ಚೊಕ್ಕ ಇದೆ. ಹೀಗ್ಯಾಕೆ?

ಈ ಪ್ರಶ್ನೆ ಕೇಳಿದಾಗಲೆಲ್ಲ ಕಿವಿ ನೆಟ್ಟಗಾಗುತ್ತದೆ. ನುಸಿ, ಅಲರ್ಜಿ ಸಾಮಾನ್ಯವಾಗಿ ಎರಡೂ ಕಿವಿಗೆ ಬರುತ್ತವೆ. ಒಂದೇ ಕಿವಿಗೆ ಮತ್ತೆ ಮತ್ತೆ ಬಂದರೆ ಆ ಕಿವಿಯೊಳಗೆ ಏನೋ ಇದೆ ಅಂತ ಹುಡುಕಬೇಕು. ಹುಲ್ಲಿನ ಬೀಜ, ಉಣ್ಣಿ, ಗಟ್ಟಿಯಾದ ಮೇಣ, ಇಲ್ಲವೇ ಗಡ್ಡೆ.

ಎಳೆಯ ಬೆಕ್ಕಿನಲ್ಲಿ ಮೊದಲು ನೆನಪಾಗಬೇಕಾದದ್ದು ಪಾಲಿಪ್. ಇದು ಕ್ಯಾನ್ಸರ್ ಅಲ್ಲ. ನಡುಗಿವಿಯಿಂದ ಅಥವಾ ಕಿವಿಯನ್ನು ಗಂಟಲಿಗೆ ಸೇರಿಸುವ ಕೊಳವೆಯಿಂದ ಬೆಳೆಯುವ ಮಾಂಸದ ಗುಳ್ಳೆ. ಆಟೊಸ್ಕೋಪಿನಲ್ಲಿ ನೋಡಿದರೆ ನಾಳದ ತಳದಲ್ಲಿ ನಯವಾಗಿ, ಗುಲಾಬಿ ಬಣ್ಣದಲ್ಲಿ ಹೊಳೆಯುತ್ತದೆ. ಕೆಲವು ಸಲ ಗಂಟಲ ಕಡೆ ಬೆಳೆದು ಬೆಕ್ಕು ಗೊರಗೊರ ಉಸಿರಾಡುತ್ತದೆ, ಸೀನುತ್ತದೆ, ಧ್ವನಿ ಬದಲಾಗುತ್ತದೆ. ಕಿವಿಯ ಜೊತೆ ಇವೂ ಇದ್ದರೆ ತಪ್ಪದೆ ಹೇಳಿ. ಪಾಲಿಪ್ ಇರುವವರೆಗೆ ಎಷ್ಟು ಡ್ರಾಪ್ಸ್ ಹಾಕಿದರೂ ಸೋಂಕು ವಾಪಸ್ ಬರುತ್ತದೆ.

ವಯಸ್ಸಾದ ಬೆಕ್ಕಿನಲ್ಲಿ ಒಂದೇ ಕಿವಿಯಿಂದ ರಕ್ತ ಬೆರೆತ ಕೀವು ಬಂದರೆ ಮೇಣದ ಗ್ರಂಥಿಯ ಗಡ್ಡೆ ಇದೆಯಾ ಅಂತ ನೋಡಲೇಬೇಕು. ಅದರಲ್ಲಿ ಕ್ಯಾನ್ಸರ್ ಆಗುವಂಥವೂ ಇವೆ.

ಮೀನು ತಿಂದು ಹೀಗಾಗ್ತದೆ ಅಂತಾರೆ. ಕಾರವಾರದಲ್ಲಿದ್ದು ಬೆಕ್ಕಿಗೆ ಮೀನು ಬಿಡ್ಸೋದು ಹೇಗೆ?

ಎಲ್ಲ ಬೆಕ್ಕಿಗೂ ಮೀನು ಬಿಡಿಸಬೇಕಾಗಿಲ್ಲ. ಆದರೆ ಬೆಕ್ಕುಗಳಿಗೆ ಅಲರ್ಜಿ ತರುವ ಆಹಾರಗಳಲ್ಲಿ ದನದ ಮಾಂಸ, ಮೀನು, ಕೋಳಿ ಮುಂದಿರುವುದು ನಿಜ. ನುಸಿ ಇಲ್ಲ, ಗಡ್ಡೆ ಇಲ್ಲ, ಎರಡೂ ಕಿವಿ ಕೆಂಪು, ಜೊತೆಗೆ ಮುಖ, ಕುತ್ತಿಗೆ ಕೆರೆದುಕೊಳ್ಳುತ್ತದೆ ಅಂದರೆ ಆಹಾರವನ್ನು ಅನುಮಾನಿಸಬಹುದು. ಅದಕ್ಕೂ ಮೊದಲು ಚಿಗಟ ಇದೆಯಾ ನೋಡಿ, ಅದರ ಅಲರ್ಜಿ ಇನ್ನೂ ಸಾಮಾನ್ಯ.

ತಿಳಿಯಲು ಇರುವ ದಾರಿ ಒಂದೇ. ಬೆಕ್ಕು ಇದುವರೆಗೆ ತಿನ್ನದ ಒಂದೇ ಪ್ರೋಟೀನ್ ಇರುವ ಆಹಾರವನ್ನು ಎಂಟು ವಾರ ಕೊಡಬೇಕು, ಬೇರೆ ಒಂದು ಚೂರೂ ಬಾಯಿಗೆ ಹೋಗಬಾರದು. ಆಮೇಲೆ ಹಳೆಯ ಆಹಾರ ಕೊಟ್ಟು ನೋಡಬೇಕು, ತುರಿಕೆ ವಾಪಸ್ ಬಂದರೆ ಉತ್ತರ ಸಿಕ್ಕಿತು. ಮೀನು ಮಾರ್ಕೆಟ್ಟಿನ ಹತ್ತಿರ ಮನೆ ಇದ್ದು, ಬೆಕ್ಕು ಹೊರಗೆ ತಿರುಗುವಂಥದ್ದಾದರೆ ಆ ಎಂಟು ವಾರ ಮನೆಯೊಳಗೇ ಇಡಬೇಕಾಗುತ್ತದೆ. ಪಕ್ಕದ ಮನೆಯವರಿಗೂ ಹೇಳಿಡಿ, ಪ್ರೀತಿಯಿಂದ ಕೊಟ್ಟ ಒಂದು ತಾರ್ಲೆಯ ತಲೆ ಇಡೀ ಲೆಕ್ಕ ತಪ್ಪಿಸುತ್ತದೆ.

ತೋಟ, ಬೆಟ್ಟ ಸುತ್ತಿ ಬರ್ತದೆ. ಕಿವಿಯೊಳಗೆ ಉಣ್ಣಿ ಕಚ್ಚಿಕೊಂಡಿರ್ತದೆ. ಕೈಯಲ್ಲೇ ಕಿತ್ತುಬಿಡ್ಲಾ?

ಬರಿಗೈಯಲ್ಲಿ ಬೇಡ. ಗ್ಲೌಸ್ ಅಥವಾ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ, ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನಿಧಾನ ನೇರಕ್ಕೆ ಎಳೆಯಿರಿ. ಉಗುರಲ್ಲಿ ಕುಟ್ಟಬೇಡಿ, ಸೀಮೆಎಣ್ಣೆ ಹಾಕಬೇಡಿ. ನಾಳದ ಒಳಗೆ ಇದ್ದರೆ ವೈದ್ಯರಿಗೇ ಬಿಡಿ.

ಎಚ್ಚರಿಕೆ ಜಾಸ್ತಿ ಹೇಳಲು ಕಾರಣ ಇದೆ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಕಾಡಿನ ಉಣ್ಣಿ. ಸಿದ್ದಾಪುರ ತಾಲೂಕಿನಲ್ಲಿ 2024ರಲ್ಲೂ ಪ್ರಕರಣ ಕಂಡಿವೆ. ಡಿಸೆಂಬರ್‌ನಿಂದ ಮೇವರೆಗೆ ಸಣ್ಣ ಉಣ್ಣಿಗಳ ಕಾಲ. ಆ ತಿಂಗಳುಗಳಲ್ಲಿ ಬೆಟ್ಟ ಸುತ್ತಿ ಬಂದ ಬೆಕ್ಕನ್ನು ಹಾಸಿಗೆಗೆ ಬಿಟ್ಟುಕೊಳ್ಳುವ ಮೊದಲು ಕಿವಿಯ ಅಂಚು, ಕುತ್ತಿಗೆ ನೋಡಿ.

ಕಿವಿಯ ತುದಿಯಲ್ಲಿ ಹಕ್ಕಳೆ ಕಟ್ಟಿದೆ, ಒಳಗೆ ಚೊಕ್ಕ ಇದೆ. ಇದೂ ಅದೇ ಕಾಯಿಲೆಯಾ?

ಬೇರೆ. ಕಿವಿಯ ಅಂಚಿನಿಂದ ಶುರುವಾಗಿ ಹಣೆ, ಮುಖಕ್ಕೆ ದಪ್ಪ ಬೂದು ಹಕ್ಕಳೆ ಹರಡಿದರೆ ಅದು ಬೆಕ್ಕಿನ ಕಜ್ಜಿ, ಇನ್ನೊಂದು ಜಾತಿಯ ನುಸಿ. ಎತ್ತಿಕೊಂಡವರ ಕೈಗೂ ತುರಿಕೆ ಬರುತ್ತದೆ. ದುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿ ಇರಬಹುದು, ಅದೂ ಮನುಷ್ಯರಿಗೆ ಅಂಟುತ್ತದೆ. ಬಿಳಿ ಕಿವಿಯ ಬೆಕ್ಕಾದರೆ ಇನ್ನೊಂದು ಮಾತು. ವರ್ಷಗಟ್ಟಲೆ ಬಿಸಿಲು ತಿಂದ ತುದಿಯಲ್ಲಿ ಒಣಗದ ಸಣ್ಣ ಗಾಯ ಚರ್ಮದ ಕ್ಯಾನ್ಸರ್ ಆಗಿರಬಹುದು. ಬೇಗ ತೆಗೆಸಿದರೆ ಬೆಕ್ಕು ಉಳಿಯುತ್ತದೆ.

ಕಿವಿ ಹಾಲೆ ಒಮ್ಮೆಲೇ ಊದಿ ಮೆತ್ತಗಾಗಿದೆ. ಸೂಜಿ ಚುಚ್ಚಿ ತೆಗೀಬಹುದಾ?

ಮನೆಯಲ್ಲಿ ಚುಚ್ಚಬೇಡಿ. ಜೋರಾಗಿ ತಲೆ ಕೊಡವಿ ಒಳಗಿನ ರಕ್ತನಾಳ ಒಡೆದು ರಕ್ತ ತುಂಬಿದೆ. ವೈದ್ಯರು ಅದನ್ನು ತೆಗೆದು, ಮತ್ತೆ ತುಂಬದಂತೆ ಹೊಲಿಗೆ ಹಾಕುತ್ತಾರೆ. ಕೊಡವಲು ಕಾರಣವಾದ ತುರಿಕೆಗೂ ಅದೇ ದಿನ ಚಿಕಿತ್ಸೆ ಆಗಬೇಕು.

## ಗಂಭೀರ ಹಂತ

ತಲೆ ಒಂದು ಕಡೆ ವಾಲಿಸ್ತದೆ, ನಡೆದ್ರೆ ಸುತ್ತು ಹೊಡೆದು ಬೀಳ್ತದೆ. ಲಕ್ವಾ ಹೊಡೀತಾ?

ಹೆಚ್ಚಾಗಿ ಲಕ್ವ ಅಲ್ಲ. ಸೋಂಕು ತಮಟೆ ದಾಟಿ ನಡುಗಿವಿ, ಒಳಗಿವಿಗೆ ಇಳಿದಾಗ ಹೀಗಾಗುತ್ತದೆ, ಯಾಕೆಂದರೆ ಸಮತೋಲ ಕಾಯುವ ಅಂಗ ಇರುವುದು ಅಲ್ಲೇ. ಕಣ್ಣುಗುಡ್ಡೆ ಪಕ್ಕದಿಂದ ಪಕ್ಕಕ್ಕೆ ಜಿಗಿಯುತ್ತದೆ, ವಾಂತಿ ಬರುತ್ತದೆ. ಕೆಲವಕ್ಕೆ ಒಂದು ಕಣ್ಣಿನ ಪಾಪೆ ಸಣ್ಣದಾಗಿ, ಮೂಲೆಯ ಬಿಳಿ ಪೊರೆ ಮೇಲೆ ಬರುತ್ತದೆ. ಅದೇ ದಿನ ತೋರಿಸಿ. ಹೊತ್ತುಕೊಂಡು ಹೋಗುವವರೆಗೆ ಮೆಟ್ಟಿಲು, ಬಾವಿಕಟ್ಟೆಯಿಂದ ದೂರ, ಸಣ್ಣ ಕೋಣೆಯಲ್ಲಿಡಿ. ಬಾಯಿಗೆ ಕೊಡುವ ಆಂಟಿಬಯೋಟಿಕ್ ಹಲವು ವಾರ ಬೇಕಾಗುತ್ತದೆ. ಗುಣವಾದ ಮೇಲೂ ತಲೆ ಸ್ವಲ್ಪ ವಾಲಿಕೊಂಡೇ ಉಳಿಯಬಹುದು, ಅದರಿಂದ ಬೆಕ್ಕಿಗೆ ಕಷ್ಟ ಇಲ್ಲ.

ಸ್ವಾಬ್, ಕಲ್ಚರ್ ಅಂತ ಪರೀಕ್ಷೆ ಹೇಳ್ತಾರೆ. ಬೆಕ್ಕಿಗೆ ಅಷ್ಟೆಲ್ಲ ಬೇಕಾ?

ಸ್ವಾಬ್ ಬೇಕು, ಪ್ರತಿ ಸಲವೂ. ಕಿವಿಯ ಕೊಳೆಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವ ಕೆಲಸ ಅದು. ಹತ್ತು ನಿಮಿಷದಲ್ಲಿ ಯೀಸ್ಟಾ, ಬ್ಯಾಕ್ಟೀರಿಯಾವಾ ಗೊತ್ತಾಗುತ್ತದೆ. ಕಲ್ಚರ್ ಅಂದರೆ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವುದು, ಅದು ಎಲ್ಲರಿಗೂ ಬೇಡ. ಸರಿಯಾದ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾ ಕಂಡಾಗ, ನಡುಗಿವಿಗೆ ಸೋಂಕು ಇಳಿದಾಗ ಮಾಡಿಸಬೇಕು. ಪರೀಕ್ಷೆ ಇಲ್ಲದೆ ನಾಲ್ಕು ಸಲ ಡ್ರಾಪ್ಸ್ ಬದಲಿಸಿದ ಖರ್ಚು ಒಂದು ಸಲದ ಪರೀಕ್ಷೆಗಿಂತ ಜಾಸ್ತಿ ಆಗುತ್ತದೆ.

ನಮ್ಮೂರಲ್ಲಿ ಇರೋದು ದನದ ಡಾಕ್ಟ್ರು. ಬೆಕ್ಕನ್ನ ಎಲ್ಲಿಗೆ ಒಯ್ಯೋದು?

ಮೊದಲು ಅಲ್ಲಿಗೇ ಒಯ್ಯಿರಿ. ಸರ್ಕಾರಿ ಪಶು ಆಸ್ಪತ್ರೆಯ ವೈದ್ಯರೂ ಬೆಕ್ಕಿನ ಬಗ್ಗೆ ಓದಿದವರೇ. ನುಸಿ, ಸಾದಾ ಸೋಂಕು, ಗಾಯದ ಹುಳ ಇವೆಲ್ಲ ತಾಲೂಕು ಮಟ್ಟದಲ್ಲೇ ಮುಗಿಯುತ್ತವೆ. 1962 ನಂಬರಿನ ಪಶು ಸಂಜೀವಿನಿ ಗಾಡಿ ಮುಖ್ಯವಾಗಿ ಜಾನುವಾರುಗಳಿಗೆ, ಆದರೂ ಹತ್ತಿರದಲ್ಲಿ ಯಾರು ಸಿಗುತ್ತಾರೆ ಅಂತ ಕೇಳಲು ಅಡ್ಡಿಯಿಲ್ಲ. ಒಂದೇ ಕಿವಿ, ಪಾಲಿಪ್ ಅನುಮಾನ, ಸ್ಕ್ಯಾನ್, ಆಪರೇಷನ್ ಅಂತ ಬಂದಾಗ ಘಟ್ಟದ ಮೇಲಿನವರು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಅಥವಾ ಹುಬ್ಬಳ್ಳಿಗೆ, ಕಾರವಾರದವರು ಗೋವಾಕ್ಕೆ ಹೋಗುವುದು ಅನುಕೂಲ. ಹೊರಡುವ ಮೊದಲು ಫೋನ್ ಮಾಡಿ, ಬೆಕ್ಕಿಗೆ ಆಟೊಸ್ಕೋಪ್ ಪರೀಕ್ಷೆ, ಅರಿವಳಿಕೆ ಎರಡೂ ಇದೆಯಾ ಕೇಳಿ. ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ಹತ್ತಿಳಿಯುವಾಗ ಹೊಟ್ಟೆ ತುಂಬಿದ ಬೆಕ್ಕು ವಾಂತಿ ಮಾಡುತ್ತದೆ, ಸ್ವಲ್ಪ ಹೊತ್ತು ಮೊದಲೇ ಊಟ ನಿಲ್ಲಿಸಿ. ಬುಟ್ಟಿಯ ಬಾಯಿಗೆ ಬಟ್ಟೆ ಕಟ್ಟಿ.

ಪಾಲಿಪ್ ಅಂತ ಆಯ್ತು. ಆಪರೇಷನ್ ಆದ್ಮೇಲೆ ಮತ್ತೆ ಬರೋದಿಲ್ವಾ?

ಎರಡು ದಾರಿ ಇವೆ. ಒಂದು, ಅರಿವಳಿಕೆ ಕೊಟ್ಟು ಪಾಲಿಪ್ಪನ್ನು ಹಿಡಿದು ಎಳೆದು ತೆಗೆಯುವುದು. ಸರಳ, ಖರ್ಚು ಕಡಿಮೆ, ಆದರೆ ಬೇರು ಉಳಿದರೆ ಕೆಲವಕ್ಕೆ ಮತ್ತೆ ಬೆಳೆಯುತ್ತದೆ. ಎರಡು, ಗಂಟಲ ಕೆಳಗಿನಿಂದ ನಡುಗಿವಿಯ ಎಲುಬಿನ ಗೂಡನ್ನು ತೆರೆದು ಬೇರುಸಹಿತ ತೆಗೆಯುವುದು. ದೊಡ್ಡ ಆಪರೇಷನ್, ಮರಳಿ ಬರುವುದು ಬಹಳ ಕಡಿಮೆ. ಎರಡರ ನಂತರವೂ ಕೆಲವು ದಿನ, ಕೆಲವು ವಾರ ಒಂದು ಕಣ್ಣಿನ ಪಾಪೆ ಸಣ್ಣದಾಗಿ ಕಾಣಬಹುದು. ಕಣ್ಣಿಗೆ ಹೋಗುವ ನರ ನಡುಗಿವಿಯ ಮೂಲಕ ಹಾದು ಹೋಗುವುದರಿಂದ ಹೀಗೆ, ಹೆಚ್ಚಿನವಕ್ಕೆ ತಾನಾಗಿ ಸರಿಹೋಗುತ್ತದೆ.

ಮೂರ್ನಾಲ್ಕು ವರ್ಷದಿಂದ ನಡೀತಾ ಇದೆ. ಇನ್ನು ಪೂರ್ತಿ ಗುಣ ಆಗ್ತದಾ?

ನಾಳದ ಚರ್ಮ ಇನ್ನೂ ಮೆತ್ತಗಿದ್ದರೆ ಆಗುತ್ತದೆ. ವರ್ಷಗಟ್ಟಲೆ ಊದಿ ಊದಿ ನಾಳ ದಪ್ಪಗಾಗಿ ಮುಚ್ಚಿಹೋಗಿದ್ದರೆ ಹನಿ ಔಷಧಿ ಒಳಗೆ ಇಳಿಯುವುದೇ ಇಲ್ಲ. ಆಗ ಇಡೀ ನಾಳವನ್ನು ತೆಗೆಯುವ ಆಪರೇಷನ್ ಒಂದೇ ಉಳಿಯುತ್ತದೆ. ಆ ಕಿವಿಯ ಕೇಳುವಿಕೆ ಬಹಳಷ್ಟು ಹೋಗುತ್ತದೆ, ಆದರೆ ನೋವು ಹೋಗುತ್ತದೆ. ಗುಣವಾಗದೆ ಎಳೆಯುತ್ತಿರುವ ಬೆಕ್ಕಿಗೆ ರೋಗ ತಡೆಯುವ ಶಕ್ತಿ ಕುಗ್ಗಿಸುವ ಎಫ್‌ಐವಿ, ಲ್ಯುಕೇಮಿಯಾ ವೈರಸ್‌ಗಳ ಮತ್ತು ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆಯನ್ನೂ ಮಾಡಿಸಿ.

ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಮೊದಲು ಯಾವಾಗ ಶುರುವಾಯಿತು, ಯಾವ ಕಿವಿ, ಯಾವ ತಿಂಗಳಲ್ಲಿ ಜಾಸ್ತಿ, ಯಾವ ಔಷಧಿ ಎಷ್ಟು ದಿನ ಹಾಕಿದಿರಿ, ಮನೆಯಲ್ಲಿ ಬೇರೆ ಯಾವ ಪ್ರಾಣಿ ಇವೆ, ಏನು ತಿನ್ನುತ್ತದೆ. ತಪಾಸಣೆಗೆ ಎರಡು ದಿನ ಮೊದಲು ಕಿವಿ ತೊಳೆಯಬೇಡಿ, ಏನೂ ಹಾಕಬೇಡಿ. ತೊಳೆದ ಕಿವಿಯಿಂದ ತೆಗೆದ ಸ್ವಾಬಿನಲ್ಲಿ ಏನೂ ಸಿಗುವುದಿಲ್ಲ.